ಅರಿಷಿಣ ಕುಡಿಯುವ ಮೋಟಾರು

“ಇನ್ನೊಂದು ಸಲ ದಬ್ಬು ಪದ್ಮಾ! ಈ ಸಲ ಚಾಲೂ ಆಗೇ ಆಗ್ತದ!”

ಸ್ಟೇರಿಂಗ್ ಹಿಡಿದು ಕುಳಿತಿದ್ದ ವಕೀಲ ರಾಘಣ್ಣನವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು. ಹಿಂದೆ ಅವರ ಹೆಂಡತಿ ಪದ್ಮಾಬಾಯಿ ಪಟ್ಟೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೋಟಾರಿನ ಬೆನ್ನಿಗೆ ಎರಡೂ ಕೈ ಕೊಟ್ಟು ನಿಂತಿದ್ದರು. ಸವಣೂರಿಗೆ ಈ ಮೋಟಾರು ಬಂದು ಒಂಬತ್ತು ವರ್ಷ. ಅದರೊಳಗೆ ಕುಳಿತದ್ದಕ್ಕಿಂತ ಅದನ್ನು ದಬ್ಬಿದ್ದೇ ಹೆಚ್ಚಾದ್ದರಿಂದ, ಪದ್ಮಾಬಾಯಿಗೆ ಅದರ ಮುಖಕ್ಕಿಂತ ಬೆನ್ನಿನ ಪರಿಚಯವೇ ಚೆನ್ನಾಗಿತ್ತು.

ಇವತ್ತು ಮಾತ್ರ ಅವರಿಗೆ ಮೋಟಾರಿನ ಜೊತೆ ಆಟವಾಡುವ ವ್ಯವಧಾನವಿರಲಿಲ್ಲ. ಪುಣೆಯಲ್ಲಿ ನೌಕರಿಯಲ್ಲಿದ್ದ ತಮ್ಮ ಪ್ರಹ್ಲಾದ ಹೆಂಡತಿಯ ತವರಿಗೆಂದು ಬೆಂಗಳೂರಿಗೆ ಹೊರಟಿದ್ದ. ಹನ್ನೊಂದೂ ಕಾಲಿಗೆ ಅವನ ರೈಲು ಹತ್ತಿರದ ಯಲವಿಗಿ ಸ್ಟೇಶನ್ನಿನಲ್ಲಿ ಎರಡು ನಿಮಿಷ ನಿಲ್ಲುತ್ತದೆ, ಕೂಸನ್ನು ಕಿಟಕಿಯಿಂದಲೇ ತೋರಿಸುತ್ತೇನೆ ಎಂದು ಬರೆದಿದ್ದ. ತಮ್ಮನ ಮುಖ ನೋಡಿ ಮೂರು ವರ್ಷವಾಗಿತ್ತು, ಕೂಸನ್ನಂತೂ ನೋಡಿಯೇ ಇರಲಿಲ್ಲ. ಎರಡು ದಿನ ಒಲೆಯ ಮುಂದೆ ಕುಳಿತು ಮಾಡಿದ ಬೇಸನ್ ಉಂಡಿಯ ಡಬ್ಬಿ ಹಿಂದಿನ ಸೀಟಿನ ಮೇಲೆ ಆಗಲೇ ಕುಳಿತಿತ್ತು.

“ಹತ್ತಕ್ಕ ಬಸ್ ಅದರಿ. ಸುಮ್ಮನ ಅದಕ್ಕ ಹೋಗೋಣು.”

“ಮನೀ ಮುಂದ ಮೋಟಾರ್ ಇಟ್ಕೊಂಡು ವಕೀಲರು ಬಸ್ ಹತ್ತಿದ್ರು ಅಂದ್ರ ಊರಾಗ ಏನು ಮರ್ಯಾದಿ?”

“ಪಟ್ಟೆ ಸೀರಿ ಉಟ್ಕೊಂಡು ದಬ್ಬಿದ್ರ ಬರ್ತದೇನ್ರಿ ಮರ್ಯಾದಿ?”

ರಾಘಣ್ಣನವರಿಗೆ ಇದು ಕೇಳಿಸಲಿಲ್ಲ, ಅಷ್ಟರಲ್ಲಿ ಅವರ ತಲೆ ಬಾನೆಟ್ಟಿನೊಳಗೆ ಹೋಗಿತ್ತು. ಓಣಿಯ ತುದಿಯಲ್ಲೇ ಮಜೀದನ ಗ್ಯಾರೇಜು. ಆದರೆ ಪಂಡಿತರ ಮನೆತನದಲ್ಲಿ ಹುಟ್ಟಿದವರು, ಪುಸ್ತಕದಲ್ಲಿ ಇರುವುದನ್ನು ಇನ್ನೊಬ್ಬರಿಂದ ಯಾಕೆ ಕೇಳಬೇಕು? ಹರಿದ ಇಂಗ್ಲಿಷ್ ಕೈಪಿಡಿಯೊಂದನ್ನು ಕಣ್ಣಿಗೊತ್ತಿಕೊಂಡೇ ತೆರೆಯುತ್ತಿದ್ದರು. ಅದರಲ್ಲಿ ಇಲ್ಲದ್ದಕ್ಕೆ ಅಡುಗೆಮನೆ ಇತ್ತು. ಪೆಟ್ರೋಲ್ ಟ್ಯಾಂಕು ಸೋರಿದರೆ ಬಟ್ಟೆ ಒಗೆಯುವ ಸಬಕಾರ ಮೆತ್ತುವುದು, ರೇಡಿಯೇಟರ್ ಸೋರಿದರೆ ಅರಿಷಿಣದ ಪುಡಿ ಸುರಿಯುವುದು. ಪ್ರತಿ ರಿಪೇರಿಯ ನಂತರ ಒಂದೆರಡು ನಟ್ಟು ಉಳಿಯುತ್ತಿದ್ದವು, ಕಂಪನಿಯವರು ಕೈ ಬಿಚ್ಚಿ ಹೆಚ್ಚಿಗೆ ಹಾಕಿರುತ್ತಾರೆ ಎಂಬುದು ಅವರ ಸಮಾಧಾನ. ಮೈಲಿ ಮೀಟರು ಲಕ್ಷ ಮುಟ್ಟಿ ತಿರುಗಿ ಸೊನ್ನೆಗೆ ಬಂದ ದಿನ, ಮೋಟಾರಿಗೆ ಪುನರ್ಜನ್ಮವಾಯಿತೆಂದು ಪೇಢೆ ಹಂಚಿದ್ದರು.

“ಪೆಟ್ರೋಲ್ ಅದ. ಕಿಡಿ ಅದ. ಅಂದಮ್ಯಾಲೆ ಇದು ಚಾಲೂ ಆಗಲೇಬೇಕು” ಎಂದು ತಲೆ ಹೊರತೆಗೆದು ತೀರ್ಪು ಕೊಟ್ಟು, ಮತ್ತೆ ಸ್ಟೇರಿಂಗಿನ ಮುಂದೆ ಹೋಗಿ ಕುಳಿತರು. ಇಂಜಿನ್ ತರ್ಕಶಾಸ್ತ್ರ ಓದಿರಲಿಲ್ಲ. ಪದ್ಮಾಬಾಯಿ ಹಲ್ಲು ಕಚ್ಚಿ ಇನ್ನೊಮ್ಮೆ ದಬ್ಬಿದರು. ಮೋಟಾರು ಒಮ್ಮೆ ಕೆಮ್ಮಿ, ಅವರ ಸೀರೆಗೆ ಕಪ್ಪು ಹೊಗೆ ಉಗುಳಿ, ಹೊರಟೇಬಿಟ್ಟಿತು.

“ನಿಲ್ಲಸ್ರಿ! ನಾ ಹತ್ತಬೇಕಲ್ಲ!”

“ನಿಲ್ಲಿಸಿದ್ರ ಬಂದ್ ಆಗ್ತದ! ಓಡ್ತಾ ಹತ್ತು!”

ಪದ್ಮಾಬಾಯಿಗೆ ಐವತ್ತೆರಡು ವರ್ಷ. ಹತ್ತು ಹೆಜ್ಜೆ ಓಡಿ ನಿಂತರು. ಮೋಟಾರು ಉಂಡಿಯ ಡಬ್ಬಿಯ ಸಮೇತ ಯಲವಿಗಿಯ ದಾರಿ ಹಿಡಿದು ಹೋಯಿತು. ಅವರಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅರ್ಧ ದಾರಿ ಬಂದಿರಬೇಕು, ಪಕ್ಕದಲ್ಲಿ ಕುಳಿತಿದ್ದ ಸರೋಜವ್ವ ಮೂಗು ಅರಳಿಸಿದಳು. “ಯಾರೋ ಸಾರು ಕುದಸಾಕತ್ತಾರ ನೋಡ್ರಿ.”

ಪದ್ಮಾಬಾಯಿಗೆ ತಮ್ಮ ಮನೆಯ ಅರಿಷಿಣದ ವಾಸನೆ ಗೊತ್ತಾಗದೆ ಇದ್ದೀತೇ? “ಸಾರಲ್ಲವ್ವಾ, ನಮ್ಮನಿಯವರು” ಎಂದರು.

ರಸ್ತೆಯ ಬದಿಗೆ ಮೋಟಾರು ಬಾಯಿ ತೆರೆದು ಉಗಿ ಬಿಡುತ್ತಿತ್ತು. ನಡುರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಂತಿದ್ದ ರಾಘಣ್ಣನವರು, ಬಿಳಿ ಅಂಗಿಯೆಲ್ಲ ಹಳದಿಯಾಗಿ, ಆಗಷ್ಟೇ ಅರಿಷಿಣ ಹಚ್ಚಿಸಿಕೊಂಡು ಎದ್ದ ಮದುಮಗನಂತೆ ಕಾಣುತ್ತಿದ್ದರು. ರೋಗ ಯಾವುದಿದ್ದರೂ ಅವರ ಕೊನೆಯ ಮದ್ದು ಒಂದೇ. “ಒಂದ್ನಾಲ್ಕು ಮಂದಿ ಇಳಿದು ದಬ್ಬರಪಾ!”

ವಕೀಲರ ಮಾತು ಮೀರಲಾರದೆ ನಾಲ್ಕೈದು ಜನ ಇಳಿದರು. ದಬ್ಬಿದರು, ಮೋಟಾರು ಮಿಸುಕಲಿಲ್ಲ. ಅಷ್ಟರಲ್ಲಿ ಕಿಟಕಿಯಲ್ಲಿ ಹೆಂಡತಿಯನ್ನು ಕಂಡ ರಾಘಣ್ಣನವರ ಮುಖ ಅರಳಿತು.

“ಏ ಪದ್ಮಾ, ಛಲೋ ಆತು! ಇಳಿ, ಇಳಿ. ಇವರಿಗೆ ಎಲ್ಲಿ ಕೈ ಹಚ್ಚಬೇಕು ತಿಳಿವಲ್ದು. ನಿನಗ ರೂಢಿ ಅದ.”

“ಮದಲ ಆ ಉಂಡಿ ಡಬ್ಬಿ ಇಲ್ಲೆ ಕೊಡ್ರಿ.”

ರಾಘಣ್ಣನವರು ಓಡಿಹೋಗಿ ಡಬ್ಬಿ ತಂದು ಕಿಟಕಿಯಿಂದ ಕೊಟ್ಟರು. ಪದ್ಮಾಬಾಯಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಗಳಿಂದ ಭದ್ರವಾಗಿ ಹಿಡಿದರು.

“ನಾ ಟಿಕೀಟ್ ತಗೊಂಡು ಕೂತೇನ್ರಿ, ದಬ್ಬೂದಿಲ್ಲ.” ಆಮೇಲೆ ಕಂಡಕ್ಟರನತ್ತ ತಿರುಗಿದರು. “ಗುದ್ಲೆಪ್ಪಾ, ರೈಲಿನ ಹೊತ್ತಾತು. ಮಂದೀನ್ನ ಹತ್ತಿಸ್ಕೊಂಡು ರೈಟ್ ಅನ್ನು.”

ಇಳಿದವರು ಮರಳಿ ಹತ್ತಿದರು. ಗುದ್ಲೆಪ್ಪ ವಕೀಲರ ಮುಖ ನೋಡಿದ, ಪದ್ಮಾಬಾಯಿಯವರ ಮುಖ ನೋಡಿದ, ಸೀಟಿ ಊದಿದ.

ಯಲವಿಗಿಯಲ್ಲಿ ರೈಲು ಎರಡೇ ನಿಮಿಷ ನಿಂತಿತು. ಕಿಟಕಿಯಿಂದ ಚಾಚಿದ ಕೂಸಿನ ಗಲ್ಲಕ್ಕೆ ಪದ್ಮಾಬಾಯಿ ಮುತ್ತು ಕೊಟ್ಟರು. ಅದು ಅವರ ಬೆರಳು ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಅವರಿಗೆ ಮನಸ್ಸೇ ಬರಲಿಲ್ಲ. ಡಬ್ಬಿ ಒಳಗೆ ಹೋಯಿತು, ಸೀಟಿ ಆಯಿತು. ಗಾಲಿ ಉರುಳುವಾಗ ಪ್ರಹ್ಲಾದ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕಣ್ಣು ಹಾಯಿಸಿದ.

“ಅಕ್ಕಾ, ಭಾವನವರು ಬರಲಿಲ್ಲೇನು?”

“ಬರ್ಲಿಕ್ಕತ್ತಾರಪಾ, ಮೋಟಾರಿನ್ಯಾಗ” ಎಂದರು ಪದ್ಮಾಬಾಯಿ. “ನನಗ ಅವಸರ ಇತ್ತು, ಬಸ್ಸಿಗೆ ಬಂದೆ.”