ಖಾಲಿ ಬಿಟ್ಟ ಹತ್ತು ಸೆಕೆಂಡು

"ಎಕ್ಸ್‌ಗೆ ಮೂರು ಕೂಡಿಸಿದ್ರೆ ಹನ್ನೊಂದು. ಹಾಗಾದ್ರೆ ಎಕ್ಸ್ ಎಷ್ಟು?" ಎಂದು ವಿಡಿಯೊದಲ್ಲಿದ್ದ ಲೆಕ್ಕದ ಮಿಸ್ ಕೇಳಿ ಸುಮ್ಮನಾದರು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತೇಬಿಟ್ಟಳು. "ಹದಿನಾಲ್ಕು, ಮಿಸ್!" ಹತ್ತು ಸೆಕೆಂಡಾದ ಮೇಲೆ ಪರದೆ ನಕ್ಕಿತು: "ಶಭಾಷ್! ಎಷ್ಟು ಚೆನ್ನಾಗಿ ಹೇಳಿದೆ!" ಕ್ಲಾಸು ಗೊಳ್ಳೆಂದಿತು.

ಹಿಂದಿನ ಬೆಂಚಿನಲ್ಲಿ ರಿಮೋಟ್ ಹಿಡಿದು ಕೂತಿದ್ದ ಅದೇ ಮಿಸ್ ವಿಡಿಯೊ ನಿಲ್ಲಿಸಿದರು. ಗಂಟಲಿನ ಆಪರೇಶನ್‌ನಲ್ಲಿ ದನಿ ಹೋಗುವ ಮುಂಚೆ, ಖಾಲಿ ಕ್ಲಾಸಿನಲ್ಲಿ ಒಬ್ಬರೇ ನಿಂತು ಪಾಠಗಳನ್ನೆಲ್ಲ ರೆಕಾರ್ಡ್ ಮಾಡಿದ್ದರು. ಪ್ರತಿ ಪ್ರಶ್ನೆಗೂ ಮಕ್ಕಳಿಗೆಂದು ಹತ್ತು ಸೆಕೆಂಡು ಬಿಟ್ಟು, ಆಮೇಲೆ ಶಭಾಷ್ ಅಂದಿದ್ದರು. ಉತ್ತರ ತಪ್ಪಾದೀತು ಅನ್ನುವುದು ಆ ಖಾಲಿ ಬೆಂಚುಗಳ ಮುಂದೆ ಹೊಳೆದಿರಲೇ ಇಲ್ಲ. ಇಷ್ಟು ತಿಂಗಳಲ್ಲಿ ಆ ಹತ್ತು ಸೆಕೆಂಡಿನಲ್ಲಿ ಯಾರೂ ಬಾಯಿ ಬಿಟ್ಟಿರಲೂ ಇಲ್ಲ.

ಮಿಸ್ ಹೋಗಿ ಹುಡುಗಿಯ ಪಕ್ಕ ಕೂತರು. ಅವಳ ನೋಟ್‌ಬುಕ್ಕಿನಲ್ಲಿ ಒಂದು ತಕ್ಕಡಿ ಬರೆದರು. ಒಂದು ತಟ್ಟೆಯಲ್ಲಿ ಎಕ್ಸ್ ಜೊತೆ ಮೂರು ಚುಕ್ಕಿ, ಇನ್ನೊಂದರಲ್ಲಿ ಹನ್ನೊಂದು. ಎರಡೂ ಕಡೆ ಮೂರು ಮೂರು ಚುಕ್ಕಿ ಹೊಡೆದುಹಾಕಿದರು. ಹುಡುಗಿ ಉಳಿದವನ್ನು ಬೆರಳಿಟ್ಟು ಎಣಿಸಿದಳು. ಈ ಸಲ ಪರದೆಯ ಕಡೆ ನೋಡಲಿಲ್ಲ.

"ಎಂಟಾ, ಮಿಸ್?"

ಮಿಸ್ ತುಟಿ ಅಲುಗಿತು, ದನಿ ಹೊರಡಲಿಲ್ಲ. ರಿಮೋಟ್ ಎತ್ತಿ ವಿಡಿಯೊವನ್ನು ಒಂದಿಷ್ಟು ಹಿಂದಕ್ಕೆ ಓಡಿಸಿ ಬಿಟ್ಟರು.

"ಶಭಾಷ್!" ಅಂದಿತು ಅವರ ದನಿ. "ಎಷ್ಟು ಚೆನ್ನಾಗಿ ಹೇಳಿದೆ!"