ಇನ್ನೂ ಸ್ವಲ್ಪ ಮೆತ್ತಗೆ

ಸ್ಪ್ರಿಂಗ್ ಅರ್ಧ ಒಳಗೆ ಹೋಗಿತ್ತು. ಅಷ್ಟರಲ್ಲಿ ಯಾರೋ ಬಾಗಿಲನ್ನು ದಬದಬ ಬಡಿದರು.

ಡ್ಯಾರಿಲ್ ಕೈ ಬಿಡುವಂತಿರಲಿಲ್ಲ. ಬಿಟ್ಟರೆ ಏರ್ ಗನ್ನಿನ ಸ್ಪ್ರಿಂಗ್ ನೇರ ಹಲ್ಲಿಗೆ. ಎದೆಕೊಟ್ಟು ಒತ್ತಿ ಹಿಡಿದೇ ಕೂಗಿದ: "ಬಾಗಿಲು ತೆಗೆದೇ ಇದೆ, ಒಳಗ್ ಬನ್ನಿ!"

ಬಂದವಳು ಕಾನ್‌ಸ್ಟೇಬಲ್ ಹೋಲ್ರಾಯ್ಡ್. ಅಡುಗೆಮನೆಯ ಮೇಜಿನ ಮೇಲೆ ಹಳೇ ಪೇಪರು, ಅದರ ಮೇಲೆ ಕಪ್ಪು ಗ್ರೀಸು, ಉಜ್ಜಿ ಸವೆದ ಎಮರಿ ಪೇಪರ್, ಗನ್ನಿನ ಬಿಡಿಭಾಗ. ಅವಳ ಮುಖ ಬಿಗಿಯಾಯಿತು.

"ಸಾಕ್ಷಿ ಅಳಿಸ್ತಾ ಇದ್ದೀಯಾ ಡ್ಯಾರಿಲ್?"

"ಗನ್ ನಯ ಮಾಡ್ತಾ ಇದ್ದೀನಿ. ಅದೂ ಅಪರಾಧಾನಾ ಈಗ?"

"ನಿನ್ನೆ ಮಧ್ಯಾಹ್ನ ನಿಮ್ಮ ಹಿತ್ತಲಲ್ಲಿ ಗಿಡುಗ ಸತ್ತು ಬಿದ್ದಿದೆ. ಎದೇಲಿ ಸೀಸದ ಗುಂಡು. ನಿಮ್ಮ ಮಹಡಿ ಕಿಟಕಿಯಿಂದ ನಳಿಗೆ ಹೊರಗೆ ಚಾಚಿದ್ದನ್ನ ಪಕ್ಕದ ಮನೆಯವರು ನೋಡಿದ್ದಾರೆ. ಮುಖ ಕಾಣಲಿಲ್ಲವಂತೆ."

ಗಿಡುಗ ಕೊಂದರೆ ಈ ದೇಶದಲ್ಲಿ ಜೈಲು. ಡ್ಯಾರಿಲ್‌ಗಂತೂ ತಪ್ಪುವುದೇ ಇಲ್ಲ. ಹೋದ ವರ್ಷ ಬಾರ್ನ್‌ಸ್ಲಿಯಲ್ಲಿ ನಡೆದ ಹೊಡೆದಾಟಕ್ಕೆ ಕೋರ್ಟು ಅವನನ್ನು ಷರತ್ತಿನ ಮೇಲೆ ಬಿಟ್ಟಿತ್ತು; ಇನ್ನೊಂದು ತಪ್ಪಾದರೆ ಎರಡಕ್ಕೂ ಸೇರಿಸಿ ಒಳಗೆ. ಈ ತಿಂಗಳು ಆ ಗಿಡುಗ ತಾತನ ಮೂರು ಪಂದ್ಯದ ಪಾರಿವಾಳಗಳನ್ನು ಎತ್ತಿಕೊಂಡು ಹೋಗಿತ್ತು. 'ಅದರ ಕತ್ತು ಮುರೀತೀನಿ' ಎಂದು ಡ್ಯಾರಿಲ್ ಪಬ್ಬಿನಲ್ಲಿ ಅಬ್ಬರಿಸಿದ್ದನ್ನು ಬೀದಿಗೆ ಬೀದಿಯೇ ಕೇಳಿತ್ತು.

"ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೆ," ಎಂದ.

"ಯಾರು ನೋಡಿದ್ರು?"

"ಗೊರಕೆ ಹೊಡೆಯೋನನ್ನ ಟಿಕೆಟ್ ತಗೊಂಡು ನೋಡ್ತಾರಾ?"

ಒಲೆಯ ಪಕ್ಕ ತಾತ ವಿಲ್ಫ್ರೆಡ್ ಕೂತಿದ್ದ, ಚಹಾದ ಬಟ್ಟಲನ್ನು ಎರಡೂ ಅಂಗೈಯಲ್ಲಿ ಅವುಚಿಕೊಂಡು. ಕಲ್ಲಿದ್ದಲ ಗಣಿಯಲ್ಲಿ ಮೂವತ್ತು ವರ್ಷ ಡ್ರಿಲ್ ಹಿಡಿದ ಬೆರಳುಗಳು ಕೊಂಕಿಕೊಂಡಿದ್ದವು, ಮತ್ತೆ ನೆಟ್ಟಗಾಗಿರಲಿಲ್ಲ.

"ಗನ್ನಿನ ಶಕ್ತಿ ಏರಿಸಿದ್ದೀಯ ತಾನೆ?" ಹೋಲ್ರಾಯ್ಡ್ ಬಿಡಲಿಲ್ಲ.

"ಇಳಿಸಿದ್ದೀನಿ! ಗಟ್ಟಿ ಸ್ಪ್ರಿಂಗ್ ತೆಗೆದು ಹೋದ ವಾರವೇ ಮೆತ್ತಂದು ಹಾಕಿದೆ. ಇವತ್ತು ಉಜ್ಜಿ ನಯ ಮಾಡ್ತಿದ್ದೀನಿ, ಅಷ್ಟೆ. ಎಲ್ಲಾ ಈ ತಾತನ ಕಾಟ. ಒದೆಯುತ್ತೆ, ಕಿರುಗುಡುತ್ತೆ, ಮೆತ್ತಗೆ ಮಾಡು, ಇನ್ನೂ ಸ್ವಲ್ಪ ಮೆತ್ತಗೆ ಮಾಡು ಅಂತ. ಕೇಳಿ ಬೇಕಾದ್ರೆ!"

"ಆ ಸದ್ದಿಗೆ ಪಾರಿವಾಳ ಬೆದರ್ತಾವೆ, ಮಗಳೇ," ಎಂದ ತಾತ, ಬಟ್ಟಲಿನೊಳಗೆ ನೋಡುತ್ತ.

"ಜೋಡಿಸು. ನನ್ನ ಕಣ್ಣೆದುರಿಗೆ."

ಡ್ಯಾರಿಲ್ ಸ್ಪ್ರಿಂಗನ್ನು ಒಳಗೆ ಅದುಮಿ ಪಿನ್ನು ತೂರಿಸಿ ಗನ್ನನ್ನು ಪೂರ್ತಿ ಜೋಡಿಸಿದ. ಸಿಟ್ಟಿಗೆ ಕೈ ಜಾರಿ ಹೆಬ್ಬೆರಳು ಸುಲಿಯಿತು. ರಕ್ತ ಒರೆಸಿಕೊಳ್ಳಲಿಲ್ಲ.

"ಮನೇಲಿ ಇನ್ಯಾರು ಇರ್ತಾರೆ?"

"ನಾವಿಬ್ರೇ."

ಅವಳ ಕಣ್ಣು ಮುದುಕನ ಕಡೆ ಹೊರಳಿತು. ಡ್ಯಾರಿಲ್‌ಗೆ ನೆತ್ತಿಗೇರಿತು.

"ಅವರ ಕಡೆ ಯಾಕ್ರೀ ನೋಡ್ತೀರಾ? ದಿನಾ ಬೆಳಿಗ್ಗೆ ಅವರ ಅಂಗಿ ಗುಂಡಿ ಹಾಕೋನು ನಾನು! ಈ ಗನ್ನಲ್ಲಿ ಒಂದೊಂದು ಸಲ ಹೊಡೆಯೋಕೂ ನಳಿಗೆ ಹಿಡಿದು ಕೆಳಗೆ ಬಗ್ಗಿಸಬೇಕು, ಆಗಲೇ ಸ್ಪ್ರಿಂಗ್ ಕೂರೋದು. ಆ ಕೈಯಲ್ಲಿ ಆಗುತ್ತಾ? ಬುದ್ಧಿ ಬೇಡ್ವಾ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಹೊಳೆಯಿತು. ಮನೆಯಲ್ಲಿದ್ದ ಇಬ್ಬರಲ್ಲಿ ಒಬ್ಬರ ಹೆಸರನ್ನು ತಾನೇ ಹೊಡೆದುಹಾಕಿದ್ದ; ಉಳಿದವನು ತಾನೊಬ್ಬನೇ.

"ಆಗಲ್ಲ," ಎಂದಳು ಹೋಲ್ರಾಯ್ಡ್. "ಕೋಟು ಹಾಕ್ಕೋ. ಸ್ಟೇಷನ್ನಿಗೆ ಹೋಗೋಣ."

"ನಾನು ಮಾಡಿಲ್ಲ ಅಂದ್ನಲ್ಲ! ಎಷ್ಟ್ ಸಲ ಬಡ್ಕೊಳ್ಳಲಿ?"

"ಕಿರುಚಬೇಡ್ವೋ ಹುಡುಗ." ತಾತ ಎದ್ದು ನಿಂತಿದ್ದ. "ಆ ಗನ್ನ ಇತ್ಲಾಗೆ ಕೊಡು."

"ನೀನು ಸುಮ್ನಿರು ತಾತ. ಬಿದ್ದುಗಿದ್ದೀಯ."

"ಕೊಡು ಅಂದೆ."

ಗನ್ನಿನ ಹಿಡಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕೊಂಕಿದ ಎರಡೇ ಎರಡು ಬೆರಳನ್ನು ನಳಿಗೆಗೆ ಕೊಕ್ಕೆಯಂತೆ ಹಾಕಿ, ಕೆಳಗೆ ಕಣ್ಣು ಕೂಡ ಹಾಯಿಸದೆ, ವಿಲ್ಫ್ರೆಡ್ ಒಂದೇ ಎಳೆತಕ್ಕೆ ಅದನ್ನು ಬಗ್ಗಿಸಿದ; ಸ್ಪ್ರಿಂಗ್ ಕಟಕ್ಕನೆ ಕೂತಿತು.