ಒಳಗೆ ಬರೆದ ಹೆಸರು

"ಇದೂ ಅಲ್ಲ," ಎಂದು, ದಂಡೆಯಲ್ಲಿ ಕಳೆದುಹೋದದ್ದನ್ನು ಹುಡುಕಿಕೊಡುವ ವರ್ನಾ ಜಾಲರಿ ಸಲಿಕೆಯಲ್ಲಿ ಉಳಿದ ತಗಡಿನ ಚೂರನ್ನು ಸೊಂಟದ ಚೀಲಕ್ಕೆ ಹಾಕಿಕೊಂಡಳು. ಬೆಳಗಿನಿಂದ ಅವಳ ಲೋಹಶೋಧಕ ಕೊಟ್ಟದ್ದು ಇಷ್ಟೇ: ಸೋಡಾ ಡಬ್ಬಿಯ ಕಿವಿಗಳು ಹನ್ನೊಂದು, ಗಾಳದ ಸೀಸದ ಗುಂಡು ಮೂರು, ಚಕ್ರವಿಲ್ಲದ ಆಟಿಕೆ ಕಾರು ಒಂದು. ಮರಳಿನ ಮೇಲೆ ಅವಳು ಹಿಮ್ಮಡಿಯಿಂದ ಎಳೆದ ಗೆರೆಯನ್ನು ದಾಟದಂತೆ ಕ್ಲೇಟನ್ ಬಾತುಕೋಳಿಯ ಹಾಗೆ ಹಿಂದೆ ಹಿಂದೆಯೇ ಬರುತ್ತಿದ್ದ.

"ಇನ್ನೆಷ್ಟು ಹೊತ್ತಿದೆ ವರ್ನಾ?"

"ನೀರು ಏರೋಕೆ ಒಂದು ಗಂಟೆ. ನಿನ್ನ ಹೆಂಡತಿ ಬರೋದು ಎಷ್ಟಕ್ಕೆ?"

"ಒಂದೂವರೆಗೆ. ನಿನ್ನ ದಮ್ಮಯ್ಯ, ಬೇಗ ಹುಡುಕು. ಸಮುದ್ರಾನ ಬೇಕಾದ್ರೆ ಒಪ್ಪಿಸಬಹುದು, ಡಾರ್ಲೀನ್‌ನ ಆಗಲ್ಲ."

ಮುಂಜಾನೆ ಕ್ಲೇಟನ್ ತನ್ನ ನಾಯಿಗೆಂದು ಎಸೆದ ಚೆಂಡು ಅಲೆಗೆ ಬಿದ್ದಿತ್ತು. ಅಕ್ಟೋಬರಿನ ಚಳಿಯಲ್ಲಿ ಅಮೆರಿಕದ ಮೇನ್ ರಾಜ್ಯದ ಕಡಲಿಗೆ ಕೈ ಹಾಕಿದರೆ ಬೆರಳು ಒಣ ಮೆಣಸಿನಕಾಯಿಯಂತೆ ಮುದುಡುತ್ತದೆ; ಚೆಂಡು ಕೈಗೆ ಬಂತು, ಮದುವೆಯ ಉಂಗುರ ಹೋಯಿತು. ದಂಡೆಗೆ ಹೊರಟಾಗಲೆಲ್ಲ ಡಾರ್ಲೀನ್, "ಉಂಗುರ ತೆಗೆದಿಟ್ಟು ಹೋಗು," ಎನ್ನುತ್ತಿದ್ದಳು. ಮೂವತ್ತನಾಲ್ಕು ವರ್ಷ ಕ್ಲೇಟನ್ ಅದನ್ನು ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಟ್ಟಿದ್ದ. ಈಗ ಉಳಿದ ಆಯಸ್ಸೆಲ್ಲ ಎರಡೂ ಕಿವಿಯಲ್ಲಿ ಅದನ್ನೇ ಕೇಳಬೇಕಾದ ಗತಿ.

ಅಷ್ಟರಲ್ಲಿ ಯಂತ್ರ ಮೆತ್ತಗೆ, ತುಂಬು ದನಿಯಲ್ಲಿ ಕೂಗಿತು. ವರ್ನಾ ಸಲಿಕೆ ಇಳಿಸಿ ಎತ್ತಿ ಅಲ್ಲಾಡಿಸಿದಳು. ಮರಳು ಜಾರಿ ಹಳದಿ ಅಂಚೊಂದು ಮಿನುಗಿತು. ಕ್ಲೇಟನ್ ಕೈ ಚಾಚಿದ. ಅವಳು ಮುಷ್ಟಿ ಮುಚ್ಚಿಕೊಂಡಳು.

"ಒಳಗೆ ಏನು ಬರೆದಿದೆ, ಹೇಳು."

"ಅಯ್ಯೋ ಪುಣ್ಯಾತ್ಗಿತ್ತಿ, ನಿನಗೆ ನಾನು ಗೊತ್ತಿಲ್ವಾ?"

"ನನ್ನ ಹೆತ್ತಮ್ಮ ಬಂದ್ರೂ ಕೇಳ್ತೀನಿ." ಒಂದೇ ಉಂಗುರಕ್ಕೆ ಮೂವರು ಒಡೆಯರು ಬಂದು ಜಗಳಾಡಿದ್ದನ್ನು ಅವಳು ಕಂಡಿದ್ದಳು.

"ಡಾರ್ಲೀನ್ ಅಂತ. ಆಮೇಲೆ ಜೂನ್ ಎಂಟು."

ವರ್ನಾ ಕನ್ನಡಕ ಏರಿಸಿ ಉಂಗುರವನ್ನು ಬೆಳಕಿಗೆ ತಿರುಗಿಸಿದಳು. "ಜೂನ್ ಎಂಟು ಇದೆ. ಹೆಸರು ಮಾತ್ರ ಕ್ಲೇಟನ್ ಅಂತಿದೆಯಲ್ಲೋ."

"ನನ್ನ ಉಂಗುರದಲ್ಲಿ ನನ್ನ ಹೆಸರು ಯಾಕಿರುತ್ತೆ? ಅದು ಅವಳ..." ಅವನ ಬಾಯಿ ತೆರೆದೇ ಉಳಿಯಿತು. ಆಮೇಲೆ ಮುಖದ ಮೇಲೆ ಬೆಣ್ಣೆ ಕರಗಿದಂತೆ ನಗು ಹರಡಿತು. "ಅದಕ್ಕೇ! ಭಾನುವಾರದಿಂದ ಅಡುಗೆಮನೇಲೂ ಕೈಗವಸು ಹಾಕ್ಕೊಂಡೇ ಓಡಾಡ್ತಿದಾಳೆ! ಚಳಿಯಂತೆ, ಚಳಿ! ಕೊಡಿಲ್ಲಿ ಅದನ್ನ."

"ಆಗಲ್ಲ. ಕಳ್ಕೊಂಡೋರ ಕೈಗೇ ಕೊಡೋದು."

ಒಂದೂವರೆ ಆಗಿರಲೇ ಇಲ್ಲ, ಡಾರ್ಲೀನ್ ದಂಡೆಯ ಮೆಟ್ಟಿಲಿಳಿದು ಬಂದೇಬಿಟ್ಟಳು. ಕ್ಲೇಟನ್‌ನ ಎಡಗೈ ಇಲಿಯಂತೆ ಜೇಬು ಹೊಕ್ಕಿತು. ಅವಳು ಗಂಡನ ಕಡೆ ನೋಡದೆ ವರ್ನಾಳ ರಟ್ಟೆ ಹಿಡಿದು ಹತ್ತು ಹೆಜ್ಜೆ ಆಚೆ ಎಳೆದುಕೊಂಡು ಹೋದಳು.

"ನಿನ್ನ ಮನೆಗೆ ಹೋಗಿದ್ದೆ, ಇಲ್ಲಿದೀಯ ಅಂದ್ರು. ನೋಡೇ, ಭಾನುವಾರ ಇಲ್ಲೇ ಕೈಗವಸು ಕಿತ್ತು ಕೊಡವಿದೆ, ಅದರ ಜೊತೆ ಉಂಗುರಾನೂ ಹೋಯ್ತು. ಆ ಮನುಷ್ಯಂಗೆ ಮಾತ್ರ ತಿಳೀಬಾರ್ದು. ಇಷ್ಟು ವರ್ಷ ಅವನಿಗೆ ಬುದ್ಧಿ ಹೇಳಿದೋಳು ನಾನು!"

"ಒಳಗೆ ಏನು ಬರೆದಿದೆ?"

"ಕ್ಲೇಟನ್. ಜೂನ್ ಎಂಟು."

ವರ್ನಾ ಮುಷ್ಟಿ ಬಿಚ್ಚಿದಳು. ಡಾರ್ಲೀನ್ ಕಣ್ಣರಳಿಸಿದಳು, ಗಂಡನಿಗೆ ಬೆನ್ನು ತಿರುಗಿಸಿದಳು, ಕೈಗವಸು ಕಿತ್ತು ಉಂಗುರವನ್ನು ಬೆರಳಿಗೆ ತುರುಕಿದಳು. ಮತ್ತೆ ಈ ಕಡೆ ತಿರುಗಿದಾಗ ಅವಳ ಕತ್ತು ಒಂದು ಅಂಗುಲ ಉದ್ದವಾಗಿತ್ತು.

"ಏನು ಕ್ಲೇಟನ್, ವರ್ನಾ ಹಿಂದೆ ಸುತ್ತುತಾ ಇದೀಯ? ಜೇಬಿಂದ ಕೈ ತೆಗಿ. ಆ ಕೈ ಅಲ್ಲ, ಎಡಗೈ."

ಅವನು ತೆಗೆದ. ಉಂಗುರವಿರಬೇಕಾದ ಕಡೆ ಮೂವತ್ತನಾಲ್ಕು ವರ್ಷದ ಬಿಳಿ ಪಟ್ಟಿಯಷ್ಟೇ ಇತ್ತು.

"ಗೊತ್ತಿತ್ತು ನಂಗೆ! ಬಡ್ಕೊಂಡೆ, ತೆಗೆದಿಡು ತೆಗೆದಿಡು ಅಂತ. ನೋಡು ಇಲ್ಲಿ," ಎಂದು ಅವಳು ತನ್ನ ಕೈಯನ್ನು ಅವನ ಮೂಗಿನ ಕೆಳಗೇ ಹಿಡಿದಳು. "ನಾನೂ ದಿನಾ ಇದೇ ದಂಡೆಗೆ ಬರ್ತೀನಲ್ಲ, ಯಾವತ್ತಾದ್ರೂ ಕಳ್ಕೊಂಡಿದೀನಾ?"

ವರ್ನಾ ಸಮುದ್ರದ ಕಡೆ ಮುಖ ಮಾಡಿ ತುಟಿ ಕಚ್ಚಿ ನಿಂತಳು. ಕ್ಲೇಟನ್ ಬಗ್ಗಿ ಹೆಂಡತಿಯ ಬೆರಳನ್ನು ಆ ಕಡೆಯಿಂದ, ಈ ಕಡೆಯಿಂದ ನೋಡಿದ.

"ಇಲ್ಲಮ್ಮ ಚಿನ್ನ, ಯಾವತ್ತೂ ಇಲ್ಲ," ಎಂದ. "ಆದ್ರೆ ಉಂಗುರಕ್ಕೆ ಮೆತ್ತಿರೋ ಮರಳು ಒಂದು ಒರೆಸ್ಕೋ."